ವೋಲ್ಟೇಜು, ಬಿಸಿ, ಲಿಪಿ: ಕಂಬಂ ಕಣಿವೆಯಿಂದ ನೋಡಿದ ಮನೆ ಕಂಪ್ಯೂಟರಿನ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಪುನರುಕ್ತಿಗಳನ್ನು ತೆಗೆದು, ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ.)

 

ಮನೆ ಕಂಪ್ಯೂಟರಿನ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ಬರೆಯುತ್ತಾರೆ. 1981ರ ಐಬಿಎಂ ಪಿಸಿ 4.77 ಮೆಗಾಹರ್ಟ್ಜ್, ಅಲ್ಲಿಂದ ನೂರು, ಸಾವಿರ, ಹೀಗೆ ಮೆಟ್ಟಿಲು. ಓವರ್‌ಕ್ಲಾಕಿಂಗ್ ಈ ಕಥೆಯ ಸಾಹಸದ ಅಧ್ಯಾಯ. ಅದೇ ಕಥೆಯನ್ನು ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆಯಿಂದ ಓದಿದರೆ ಏನು ಕಾಣುತ್ತೆ ಅನ್ನೋದು ಇವತ್ತಿನ ಪ್ರಶ್ನೆ. ನನ್ನ ವಾದ ಇಷ್ಟು: ಒಂದು ಮನೆ ಕಂಪ್ಯೂಟರಿನಲ್ಲಿ ಏನನ್ನು ಬದಲಾಯಿಸಿತು ಅನ್ನೋದು ಆ ಮನೆಗೆ ಯಾವುದರ ಕೊರತೆ ಇತ್ತು ಅನ್ನೋದನ್ನು ಹೇಳುತ್ತೆ.

1. ಬೀಗ

ದಿಂಡಿಗಲ್ ಅಂದರೆ ಬೀಗದ ಊರು. ಹಾಗಾಗಿ ಬೀಗದಿಂದಲೇ ಶುರು ಮಾಡೋಣ. ಪ್ರೊಸೆಸರಿನ ವೇಗ ಅಂದರೆ ಎರಡು ಸಂಖ್ಯೆಗಳ ಗುಣಲಬ್ಧ: ಬಸ್ಸಿನ ವೇಗ ಮತ್ತು ಗುಣಕ. 1990ರ ದಶಕದಲ್ಲಿ ಕಡಿಮೆ ವೇಗದ ಚಿಪ್ಪಿನ ಮೇಲೆ ಹೆಚ್ಚಿನ ವೇಗದ ಅಚ್ಚು ಹಾಕಿ ಮಾರುವ ಮೋಸ ನಡೆಯುತ್ತಿತ್ತು. ಅದನ್ನು ತಡೆಯೋದಕ್ಕೆ ಅಂತ ಇಂಟೆಲ್ ಗುಣಕಕ್ಕೆ ಬೀಗ ಹಾಕಿತು.

1998ರ ಸೆಲೆರಾನ್ 300ಎ ಚಿಪ್ಪಿನ ಗುಣಕ 4.5, ಬಸ್ಸು 66 ಮೆಗಾಹರ್ಟ್ಜ್. ಎರಡೂ ಸೇರಿ 300. ಗುಣಕಕ್ಕೆ ಬೀಗ ಇದ್ದರೇನಂತೆ, ಬಳಕೆದಾರರು ಬಸ್ಸನ್ನೇ 100ಕ್ಕೆ ಏರಿಸಿದರು. 300ರ ಬೆಲೆಗೆ 450 ಸಿಕ್ಕಿತು! ಆ ಬಾಗಿಲೂ ಆಮೇಲೆ ಮುಚ್ಚುತ್ತಾ ಬಂತು. 2008ರಲ್ಲಿ ಇಂಟೆಲ್ಲಿನ ಟರ್ಬೊ ಬೂಸ್ಟ್ ಬಂದು, ಬಿಸಿ ಅನುಮತಿಸಿದಷ್ಟು ವೇಗ ಏರಿಸುವ ಕೆಲಸವನ್ನು ಚಿಪ್ಪೇ ವಹಿಸಿಕೊಂಡಿತು. 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಲ್ಲಿ ದೊಡ್ಡ ಮಟ್ಟದ ಓವರ್‌ಕ್ಲಾಕಿಂಗ್ ಹೆಚ್ಚುಕಡಿಮೆ 'ಕೆ' ಅಕ್ಷರದ ಚಿಪ್ಪುಗಳಿಗೇ ಸೀಮಿತವಾಯಿತು. ಬೀಗದ ಕೈ ಕಂಪನಿ ಹತ್ತಿರವೇ ಉಳಿಯಿತು. ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕಾಯಿತು.

2. ಬಿಸಿ

ಚಿಪ್ಪು ಕೆಲಸ ಮಾಡುವಾಗ ಉಂಟಾಗುವ ಬಿಸಿ ಸ್ಥೂಲವಾಗಿ ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಪಾತದಲ್ಲಿರುತ್ತೆ. 300ನ್ನು 450 ಮಾಡಿದರೆ ಬಿಸಿ ಒಂದೂವರೆ ಪಟ್ಟು. ಅದು ಸ್ಥಿರವಾಗಿ ನಿಲ್ಲಲಿ ಅಂತ ವೋಲ್ಟೇಜನ್ನು ಶೇ. 10 ಏರಿಸಿದರೆ ಸುಮಾರು 1.8 ಪಟ್ಟು. 2004ರಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಂ 4ರ ಕೆಲವು ಮಾದರಿಗಳು 115 ವಾಟ್ ಮುಟ್ಟಿದವು. ಅದೇ ವರ್ಷ ಇಂಟೆಲ್ ಮುಂದಿನ ಟೆಹಾಸ್ ಯೋಜನೆಯನ್ನೇ ಕೈಬಿಟ್ಟಿತು. ವೇಗದ ಮೆಟ್ಟಿಲು ಬಿಸಿಯ ಗೋಡೆಗೆ ಬಂದು ನಿಂತಿತು.

ಇಲ್ಲಿ ಜಾಗ ಮುಖ್ಯವಾಗುತ್ತೆ. ಗಾಳಿಯಿಂದ ತಂಪಾಗಿಸುವ ಹೀಟ್‌ಸಿಂಕು ಚಿಪ್ಪನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಕೋಣೆಗಿಂತ 40 ಡಿಗ್ರಿ ಮೇಲೆ ನಿಲ್ಲುವ ಚಿಪ್ಪು 22 ಡಿಗ್ರಿಯ ಕೋಣೆಯಲ್ಲಿ 62ರಲ್ಲಿರುತ್ತೆ. ದಿಂಡಿಗಲ್ ಬಯಲಿನ ಬೇಸಿಗೆ ಮಧ್ಯಾಹ್ನ, 38 ಡಿಗ್ರಿಯಲ್ಲಿ, 78ಕ್ಕೆ ಹೋಗುತ್ತೆ. ಓವರ್‌ಕ್ಲಾಕಿಂಗಿಗೆ ಬೇಕಾದ ಅವಕಾಶವನ್ನು ಹವೆಯೇ ಮೊದಲು ತಿಂದುಬಿಟ್ಟಿರುತ್ತೆ. ಮೇಲಿನ ಸೂತ್ರವನ್ನೇ ತಿರುಗಿಸಿ ನೋಡಿ: ವೇಗ ಹಾಗೇ ಬಿಟ್ಟು ವೋಲ್ಟೇಜನ್ನು ಶೇ. 10 ಇಳಿಸಿದರೆ ಬಿಸಿ ಶೇ. 19 ಇಳಿಯುತ್ತೆ. ಹೀಟ್‌ಸಿಂಕಿನ ರೆಕ್ಕೆಗಳ ಧೂಳು ಕೊಡವೋದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸೋದು ಕೂಡ ಇಂಥ ಕಡೆ ನಿಜವಾದ ಅಪ್‌ಗ್ರೇಡುಗಳೇ.

3. ಕರೆಂಟು

ಕಣಿವೆಯ ತಲೆಯಲ್ಲಿ, ಲೋವರ್ ಕ್ಯಾಂಪಿನಲ್ಲಿ, ಪೆರಿಯಾರ್ ನೀರಿನಿಂದ ಕರೆಂಟು ಹುಟ್ಟುತ್ತೆ. ತೇನಿ ಬಯಲಲ್ಲಿ ಗಾಳಿಯಂತ್ರಗಳ ಸಾಲೇ ಇದೆ. ಆದರೂ 2012ರಲ್ಲಿ ತಮಿಳುನಾಡಿನ ವಿದ್ಯುತ್ ಬಿಕ್ಕಟ್ಟು ಜೋರಾದಾಗ ಚೆನ್ನೈಗೆ ಎರಡು ಗಂಟೆ ಕಡಿತ, ಹೊರಗಿನ ಜಿಲ್ಲೆಗಳಲ್ಲಿ 12 ಗಂಟೆಗೂ ಮೀರಿದ ದಿನಗಳು. ಮುಂಗಾರಿನ ಗಾಳಿ ನಿಂತ ಮೇಲೆ ಕೊರತೆ ಇನ್ನೂ ಹೆಚ್ಚಿತು.

ಈಗ ಒಂದು ಸಣ್ಣ ಲೆಕ್ಕ. ಮನೆಯ ಸಾಮಾನ್ಯ ಯುಪಿಎಸ್‌ನಲ್ಲಿ 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತೆ, ಅಂದರೆ 84 ವಾಟ್-ಅವರ್. ಕ್ಯಾಬಿನೆಟ್ಟಿಗೆ 100 ವಾಟ್, ಹಳೆಯ ದಪ್ಪ ಮಾನಿಟರಿಗೆ 80 ವಾಟ್ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ 28 ನಿಮಿಷ. ನಷ್ಟ ಕಳೆದರೆ ಇನ್ನೂ ಕಡಿಮೆ. ಮಾನಿಟರ್ ತೆಗೆದು 30 ವಾಟಿನ ಎಲ್‌ಸಿಡಿ ಇಟ್ಟರೆ ಅದೇ ಲೆಕ್ಕ 39 ನಿಮಿಷ ಕೊಡುತ್ತೆ. ವೇಗ ಒಂದು ಹರ್ಟ್ಜ್ ಕೂಡ ಹೆಚ್ಚಲಿಲ್ಲ, ಆದರೆ ಬರೆಯುತ್ತಿದ್ದ ಅರ್ಜಿಯನ್ನು ಮುಗಿಸೋದಕ್ಕೆ ಹನ್ನೊಂದು ನಿಮಿಷ ಸಿಕ್ಕಿತು. ಇದನ್ನು ವೇಗದ ಚರಿತ್ರೆಯ ಯಾವ ಅಧ್ಯಾಯಕ್ಕೆ ಸೇರಿಸೋಣ? 2011ರಲ್ಲಿ ಶುರುವಾದ ಸರ್ಕಾರದ ಉಚಿತ ಲ್ಯಾಪ್‌ಟಾಪ್ ಯೋಜನೆಯನ್ನೂ ಹೀಗೇ ನೋಡಬಹುದು: ಹೊಟ್ಟೆಯಲ್ಲೇ ಬ್ಯಾಟರಿ ಇಟ್ಟುಕೊಂಡ ಯಂತ್ರ ಮನೆಯೊಳಗೆ ಬಂತು.

4. ಲಿಪಿ

ಕನ್ನಡ ವಿಭಾಗದಲ್ಲಿ ಈ ವಿಷಯ ಯಾಕೆ ಅಂತ ಕೇಳಿದವರಿದ್ದಾರೆ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಸಮುದಾಯವಿದೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಮತ್ತು ರಂಗಾಚಾರಿ ಅವರ ಗ್ರಂಥ ಇವರನ್ನು ಕನ್ನಡ ಮಾತಾಡುವ ರೈತರೆಂದು ದಾಖಲಿಸಿದೆ. ಮನೆಯ ಮಾತು ಕನ್ನಡ, ಸುತ್ತಲಿನ ಶಾಲೆಯ ಅಕ್ಷರ ತಮಿಳು. ಯೂನಿಕೋಡಿನಲ್ಲಿ ಎರಡೂ ಲಿಪಿಗಳಿಗೆ 1991ರಲ್ಲೇ ಒಟ್ಟಿಗೆ ಜಾಗ ಸಿಕ್ಕಿತ್ತು. ಆದರೆ ಮೈಕ್ರೋಸಾಫ್ಟಿನ ವ್ಯವಸ್ಥೆಯಲ್ಲಿ ತಮಿಳು ವಿಂಡೋಸ್ 2000ದಲ್ಲಿ ಲತಾ ಫಾಂಟಿನೊಂದಿಗೆ ಬಂತು. ಕನ್ನಡ 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ. ವಿಂಡೋಸ್ 98ಕ್ಕೆ 16 ಎಂಬಿ ರ‍್ಯಾಮ್ ಸಾಕಿತ್ತು. ಎಕ್ಸ್‌ಪಿಗೆ ಕನಿಷ್ಠ 64, ಶಿಫಾರಸು 128.

ಹಳೆಯ ಯಂತ್ರದಲ್ಲಿ ಬರಹ, ನುಡಿಯಂಥ ತಂತ್ರಾಂಶಗಳಿಂದ ಕನ್ನಡ ಬರೆಯಬಹುದಿತ್ತು ನಿಜ. ಆದರೆ ಆ ಫಾಂಟಿನ ಸಂಕೇತದಲ್ಲಿ ಬರೆದದ್ದು, ಅದೇ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಕನ್ನಡಕ್ಕೆ ಬೇಕಾದದ್ದು ಒಂದು ರ‍್ಯಾಮ್ ಪಟ್ಟಿ. ಶಾಲೆ ಕೊಡದ ಲಿಪಿಗೆ ಮನೆಯವರೇ ದುಡ್ಡು ಹಾಕಬೇಕಿತ್ತು ಅನ್ನೋದನ್ನು ಭಾಷೆಯ ಚರಿತ್ರೆ ಬರೆಯೋರು ಗಮನಿಸಬೇಕು.

ಚರ್ಚೆ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಸರ್, ಆರ್ಥಿಕ ಅನುಕೂಲ ಇಲ್ಲದ ಕಡೆ ಓವರ್‌ಕ್ಲಾಕಿಂಗ್ ಇರಲಿಲ್ಲ ಅಂತ ನೀವು ಹೇಳ್ತಿದ್ದೀರಾ?

ಉತ್ತರ: ಇಲ್ಲಮ್ಮ. ಸೆಲೆರಾನ್ ಕಥೆಯೇ ಕಡಿಮೆ ದುಡ್ಡಿನವರ ಕಥೆ, ಅಗ್ಗದ ಚಿಪ್ಪಿನಿಂದ ದುಬಾರಿ ಕೆಲಸ ತೆಗೆಯೋದು. ಕೆಟ್ಟರೆ ಇನ್ನೊಂದು ಕೊಳ್ಳುವ ಶಕ್ತಿ ಮತ್ತು ಸ್ಥಿರ ಕರೆಂಟು, ಇವೆರಡೂ ಆ ಆಟದ ಬಂಡವಾಳ ಅಂತಷ್ಟೇ ನನ್ನ ಮಾತು.

ಪ್ರಶ್ನೆ (ಪ್ರಾಧ್ಯಾಪಕರು): ಇಂಥ ಚರಿತ್ರೆಗೆ ಆಕರ ಯಾವುದು? ಕಾಗದಪತ್ರ ಇರಲ್ಲವಲ್ಲ.

ಉತ್ತರ: ಸರ್, ಅಟ್ಟದ ಮೇಲಿರುವ ಕ್ಯಾಬಿನೆಟ್ಟೇ ಆಕರ. ಬದಿಯ ತಗಡು ಬಿಚ್ಚಿದರೆ ಬೇರೆಬೇರೆ ವರ್ಷದ ಎರಡು ರ‍್ಯಾಮ್ ಪಟ್ಟಿ, ಆಮೇಲೆ ಹಾಕಿದ ಫ್ಯಾನು, ಪವರ್ ಸಪ್ಲೈ ಮೇಲಿನ ಚೀಟಿ, ಯುಪಿಎಸ್ ಎಷ್ಟು ವಿಎ, ಡಿಸ್ಕಿನಲ್ಲಿರುವ ಫಾಂಟುಗಳು. ಶಾಸನ ಓದೋ ಹಾಗೆ ಪದರ ಪದರವಾಗಿ ಓದಬಹುದು. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಹಾಡು, ಗಾದೆ ಕೇಳಿದ ಮೇಲೆ ಮನೆಯವರ ಒಪ್ಪಿಗೆ ಪಡೆದು ಇದನ್ನೂ ಬರೆದುಕೊಳ್ಳಲಿ. ಗುಜರಿಯವನು ತೂಕಕ್ಕೆ ಹಾಕಿದ ಮೇಲೆ ಈ ಆಕರ ಮತ್ತೆ ಸಿಗೋದಿಲ್ಲ.