ಅಗ್‌ಮಾರ್ಕ್ ಕಾಯಿದೆಯ ಹುಟ್ಟು: ಐದನೆಯ ಕಲಮಿನ ಸಾಕ್ಷ್ಯ

1937ರ ಕೃಷಿ ಉತ್ಪನ್ನ (ವರ್ಗೀಕರಣ ಮತ್ತು ಗುರುತು) ಕಾಯಿದೆಯನ್ನು ಆಹಾರದ ಕಲಬೆರಕೆ ತಡೆಯಲೆಂದೇ ತಂದರು ಎಂಬ ಮಾತು ನಮ್ಮ ಅರ್ಥಶಾಸ್ತ್ರದ ಪಠ್ಯಗಳಲ್ಲಿ, ಗೃಹವಿಜ್ಞಾನದ ಕೈಪಿಡಿಗಳಲ್ಲಿ, ಪರೀಕ್ಷಾ ಮಾರ್ಗದರ್ಶಿಗಳಲ್ಲಿ ಎಗ್ಗಿಲ್ಲದೆ ಓಡಾಡುತ್ತಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಬರೆದಿದ್ದಾರೆಯೇ ಹೊರತು ಕಾಯಿದೆಯನ್ನು ತೆರೆದು ನೋಡಿದಂತೆ ಕಾಣುವುದಿಲ್ಲ. ಮೂಲದಲ್ಲಿ ಅದು ಆರು ಕಲಮು, ಒಂದು ಅನುಸೂಚಿ ಇರುವ ಪುಟ್ಟ ಕಾಯಿದೆ. ಓದಲು ಸಮಯವಿರಲಿಲ್ಲ ಎಂಬ ನೆಪಕ್ಕೂ ಅಲ್ಲಿ ಎಡೆಯಿಲ್ಲ.

ಮೂರನೆಯ ಕಲಮು ಕೇಂದ್ರ ಸರ್ಕಾರಕ್ಕೆ ನಿಯಮ ಮಾಡುವ ಅಧಿಕಾರ ಕೊಡುತ್ತದೆ: ದರ್ಜೆಗೆ ಹೆಸರಿಡುವುದು, ಆ ಹೆಸರು ಸೂಚಿಸುವ ಗುಣಮಟ್ಟವನ್ನು ಹೇಳುವುದು, ಗುರುತನ್ನು ಗೊತ್ತುಪಡಿಸುವುದು, ಗುರುತು ಹಾಕಲು ಯಾರಿಗೆ ಪರವಾನಗಿ ಎಂದು ತೀರ್ಮಾನಿಸುವುದು. ನಾಲ್ಕನೆಯದು ಪರವಾನಗಿಯಿಲ್ಲದೆ ಗುರುತು ಹಾಕಿದವನಿಗೆ 500 ರೂಪಾಯಿವರೆಗೆ ದಂಡ ವಿಧಿಸುತ್ತಿತ್ತು. ಇಷ್ಟರಲ್ಲಿ ತಕರಾರಿಗೆ ಕಾರಣವಿಲ್ಲ. ನಮ್ಮವರು ಯಾರೂ ತಡೆದು ನಿಂತು ಓದದಿರುವುದು ಐದನೆಯ ಕಲಮನ್ನು.

ಗುರುತನ್ನು ನಕಲು ಮಾಡಿದವನಿಗೆ, ನಕಲು ಮಾಡಲೆಂದು ಅಚ್ಚನ್ನೋ ತಗಡನ್ನೋ ಬೇರೆ ಸಲಕರಣೆಯನ್ನೋ ಬಳಿಯಲ್ಲಿ ಇಟ್ಟುಕೊಂಡವನಿಗೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ. ಇದಕ್ಕಿಂತ ಕಠಿಣವಾದ ಶಿಕ್ಷೆ ಮೂಲ ಕಾಯಿದೆಯಲ್ಲಿ ಇರಲಿಲ್ಲ. ಈಗ ಇಬ್ಬರು ವ್ಯಾಪಾರಿಗಳನ್ನು ಎದುರಿಗೆ ನಿಲ್ಲಿಸೋಣ. ಒಬ್ಬ ತುಪ್ಪಕ್ಕೆ ಅರ್ಧಕ್ಕರ್ಧ ವನಸ್ಪತಿ ಬೆರೆಸಿ, ಯಾವ ಗುರುತೂ ಇಲ್ಲದ ಡಬ್ಬಿಯಲ್ಲಿ ತುಂಬಿ ಮಾರುತ್ತಾನೆ. ಇನ್ನೊಬ್ಬನ ತುಪ್ಪ ಅಪ್ಪಟ. ಆದರೆ ಕಪಾಟಿನಲ್ಲಿ ಅಗ್‌ಮಾರ್ಕ್ ಚೀಟಿಯನ್ನು ನಕಲು ಮಾಡಲು ತಂದಿಟ್ಟ ಅಚ್ಚು ಸಿಕ್ಕಿದೆ. 1937ರ ಕಾಯಿದೆ ಎರಡನೆಯವನನ್ನು ಜೈಲಿಗೆ ಕಳಿಸುತ್ತದೆ, ಮೊದಲನೆಯವನನ್ನು ಮಾತಾಡಿಸುವುದೂ ಇಲ್ಲ. ಜನರ ಊಟದ ತಟ್ಟೆಯನ್ನು ಕಾಯುವುದು ಉದ್ದೇಶವಾಗಿದ್ದರೆ ಕಾನೂನು ಬರೆಯಬಲ್ಲ ಯಾರೂ ಹೀಗೆ ಬರೆಯುತ್ತಿರಲಿಲ್ಲ. ಇಲ್ಲಿ ಕಾವಲಿರುವುದು ಗುರುತಿನ ಮರ್ಯಾದೆಗೆ. ಗುರುತು ಸರ್ಕಾರದ್ದು, ಅದು ಕೆಟ್ಟರೆ ಅದನ್ನು ನಂಬಿ ದೂರದ ಊರಿನಿಂದ ಮಾಲು ನೋಡದೆ ಬೆಲೆ ಹೇಳುವ ಖರೀದಿದಾರ ಕೈಬಿಟ್ಟು ಹೋಗುತ್ತಾನೆ.

ಆಳುವವರಿಗೆ ಕಲಬೆರಕೆಯನ್ನು ಅಪರಾಧವೆಂದು ಬರೆಯಲು ಬರುತ್ತಿರಲಿಲ್ಲವೆ? ಧಾರವಾಡದ ಹತ್ತಿಯ ಇತಿಹಾಸ ಬಲ್ಲವರು ಈ ಪ್ರಶ್ನೆಗೆ ನಕ್ಕಾರು. ಹತ್ತಿಯಲ್ಲಿ ಮೋಸ ತಡೆಯಲೆಂದು ಮುಂಬಯಿ ಪ್ರಾಂತದಲ್ಲಿ 1829ರಷ್ಟು ಹಿಂದೆಯೇ ರೆಗ್ಯುಲೇಷನ್ ಬಂದಿತ್ತು. 1863ರಲ್ಲಿ ಇನ್ನೂ ಬಿಗಿಯಾದ ಹತ್ತಿ ವಂಚನೆ ಕಾಯಿದೆ ಬಂತು, ತಪಾಸಣೆಗೆ ಇನ್‌ಸ್ಪೆಕ್ಟರುಗಳು ಬಂದರು. ಬೆರಕೆಯೇ ಅಲ್ಲಿ ಗುನ್ನೆ. ಹೀಗೆ ಬರೆಯುವ ವಿದ್ಯೆ ಕೈಯಲ್ಲಿದ್ದೂ 1937ರಲ್ಲಿ ಬರೆಯಲಿಲ್ಲ ಎಂದರೆ ಬೇಡವೆಂದೇ ಬಿಟ್ಟರು.

ಬಿಟ್ಟದ್ದಕ್ಕೆ ಕಾರಣವೂ ಇತ್ತು. 1919ರ ಸುಧಾರಣೆಯ ಅಧಿಕಾರ ಹಂಚಿಕೆಯಲ್ಲಿ ಆಹಾರದ ಕಲಬೆರಕೆ ಪ್ರಾಂತಗಳ ಪಾಲಿಗೆ ಹೋಗಿತ್ತು. ಆಮದು ರಫ್ತಿಗೆ ಸಂಬಂಧಿಸಿದಷ್ಟನ್ನು ಮಾತ್ರ ಕೇಂದ್ರ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಮದ್ರಾಸು 1918ರಲ್ಲಿ, ಬಂಗಾಳ 1919ರಲ್ಲಿ, ಮುಂಬಯಿ 1925ರಲ್ಲಿ ತಮ್ಮ ತಮ್ಮ ಕಲಬೆರಕೆ ಕಾಯಿದೆ ಮಾಡಿಕೊಂಡಿದ್ದವು. ಆಗಲೇ ಇದ್ದ ಕೆಲಸವನ್ನು ಮತ್ತೆ ಮಾಡಲು ದೆಹಲಿಗೆ ಕಾರಣವಿರಲಿಲ್ಲ. (ಪ್ರಾಂತಗಳ ಕಾಯಿದೆಗಳನ್ನು ಒಂದು ಸಾಲಿನಲ್ಲೂ ಹೆಸರಿಸದೆ ‘ಭಾರತದ ಆಹಾರ ಶುದ್ಧಿ ಕಾನೂನುಗಳ ಚರಿತ್ರೆ’ಯನ್ನು 1937ರಿಂದ ಶುರುಮಾಡುವವರೊಡನೆ ವಾದಕ್ಕಿಳಿಯುವ ತಾಳ್ಮೆ ನನಗಿಲ್ಲ.)

ಇನ್ನು ಎಲ್ಲರೂ ಮರೆತ ಆಕರ. 1928ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದರ ಹೆಸರೂ ಕೃಷಿ ಉತ್ಪನ್ನ (ವರ್ಗೀಕರಣ ಮತ್ತು ಗುರುತು) ಕಾಯಿದೆಯೇ. ಹೊರದೇಶಗಳಿಂದ ದರ್ಜೆ ಮಾಡಿ ಬರುತ್ತಿದ್ದ ಮೊಟ್ಟೆ, ಹಣ್ಣುಗಳೆದುರು ಅಲ್ಲಿನ ರೈತರ ಮಾಲು ನಿಲ್ಲಬೇಕಿತ್ತು. ಅದಕ್ಕೆ ‘ನ್ಯಾಷನಲ್ ಮಾರ್ಕ್’ ಎಂಬ ಗುರುತು ಹುಟ್ಟಿತು. ಮನಸ್ಸಿದ್ದವರು ಹಾಕಿಕೊಳ್ಳಬಹುದು, ಇಲ್ಲದವರು ಬಿಡಬಹುದು. ಕೆಡದಂತೆ ಸಂಸ್ಕರಿಸಿಟ್ಟ ಮೊಟ್ಟೆಯ ವಿಷಯದಲ್ಲಿ ಅಲ್ಲಿ ಕೊಂಚ ಕಡ್ಡಾಯವಿತ್ತು, ಅಷ್ಟನ್ನು ಒಪ್ಪಬೇಕು. ಆದರೆ ನೋಡಬೇಕಾದದ್ದು ಇದನ್ನು: ಅದೇ 1928ರಲ್ಲಿ ಅದೇ ಪಾರ್ಲಿಮೆಂಟು ಆಹಾರ ಮತ್ತು ಔಷಧಿಗಳ ಕಲಬೆರಕೆಗೆಂದು ಇನ್ನೊಂದು ಕಾಯಿದೆಯನ್ನು ಪ್ರತ್ಯೇಕವಾಗಿ ಮಾಡಿತು. ಎರಡು ರೋಗ, ಎರಡು ಮದ್ದು. ನಮಗೆ ಬಂದದ್ದು ಮೊದಲನೆಯ ಮದ್ದು. ತಂದ ದಾರಿಯೂ ಸ್ಪಷ್ಟ: ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರಲ್ಲಿ ವರದಿ ಕೊಟ್ಟಿತು, 1935ರ ಜನವರಿಯಲ್ಲಿ ಕೃಷಿ ಮಾರಾಟ ಸಲಹೆಗಾರರ ಕಚೇರಿ ತೆರೆಯಿತು, ಬ್ರಿಟನ್ನಿನಿಂದ ಬಂದ ಎ. ಎಂ. ಲಿವಿಂಗ್‌ಸ್ಟನ್ ಅದರ ಮೊದಲ ಮುಖ್ಯಸ್ಥರು. 1937ರ ಫೆಬ್ರವರಿಯಲ್ಲಿ ಮಸೂದೆಗೆ ಒಪ್ಪಿಗೆ ಬಿದ್ದಾಗ ವೈಸರಾಯ್ ಆಗಿದ್ದವರು ಅದೇ ಲಿನ್‌ಲಿತ್‌ಗೋ.

ಎದುರು ಪಕ್ಷದ ಗಟ್ಟಿಯಾದ ಸಾಕ್ಷ್ಯ ತುಪ್ಪ. 1938ರಲ್ಲೇ ತುಪ್ಪದ ವರ್ಗೀಕರಣ ನಿಯಮಗಳು ಬಂದವು. ರೈಕರ್ಟ್ ಮೌಲ್ಯದ ಪರೀಕ್ಷೆ ಇದ್ದದ್ದೇ ಕಲಬೆರಕೆ ಹಿಡಿಯಲು ಎನ್ನುತ್ತಾರೆ. ಪರೀಕ್ಷೆಯ ಮಟ್ಟಿಗೆ ಅವರ ಮಾತು ನಿಜ. ಆದರೆ ಅದೇ ನಿಯಮಗಳು ತಿದ್ದುಪಡಿಗಳ ನಂತರ ಚಾಲ್ತಿಯಲ್ಲಿದ್ದ ರೂಪವನ್ನು ನೋಡಿ: ಕೆಂಪು ಚೀಟಿಯ ‘ಸ್ಪೆಷಲ್’, ಹಸಿರು ಚೀಟಿಯ ‘ಜನರಲ್’, ಎರಡಕ್ಕೂ ರೈಕರ್ಟ್ ಮೌಲ್ಯ ಕನಿಷ್ಠ 28. ಶುದ್ಧಿಯಲ್ಲಿ ಎರಡೂ ಒಂದೇ. ದರ್ಜೆಯನ್ನು ಬೇರೆ ಮಾಡುವುದು ಮುಕ್ತ ಕೊಬ್ಬಿನಾಮ್ಲ: ಸ್ಪೆಷಲ್‌ಗೆ ಹೆಚ್ಚೆಂದರೆ ಶೇ. 1.4, ಜನರಲ್‌ಗೆ ಶೇ. 2.5. ಆಮ್ಲ ಏರಿದ ತುಪ್ಪ ವಿಷವಲ್ಲ, ಬೆರಕೆಯೂ ಅಲ್ಲ. ಕಮಟು ವಾಸನೆಗೆ ಬೇಗ ತಿರುಗುತ್ತದೆ, ಹಾಗಾಗಿ ಕಡಿಮೆ ಬೆಲೆಗೆ ಹೋಗುತ್ತದೆ. ಶುದ್ಧಿ ಇಲ್ಲಿ ಹೊಸಿಲು ಮಾತ್ರ; ಹೊಸಿಲು ದಾಟಿದ ಮೇಲಿನ ಲೆಕ್ಕವೆಲ್ಲ ಬೆಲೆಯದು. ಆ ಹೊಸಿಲನ್ನು ದಾಟಿಯೇ ತೀರಬೇಕೆಂಬ ಬಲವಂತವನ್ನು ಕಾಯಿದೆ ಯಾರ ಮೇಲೂ ಹೇರಲಿಲ್ಲ.

ಬಲವಂತ ಬಂದಾಗಲೆಲ್ಲ ಅದು ಸಾಲ ತಂದದ್ದು. 1942ರಲ್ಲಿ ಸೆಣಬಿನ ರಫ್ತಿಗೆ, 1945ರಲ್ಲಿ ತಂಬಾಕಿನ ರಫ್ತಿಗೆ ವರ್ಗೀಕರಣ ಕಡ್ಡಾಯವಾದದ್ದು 1878ರ ಸಮುದ್ರ ಸುಂಕ ಕಾಯಿದೆಯ 19ನೆಯ ಕಲಮಿನ ಬಲದಿಂದ. (ಇಲ್ಲಿ ಹೇಳುವುದು ಗೋಣಿಯ ಸೆಣಬನ್ನಲ್ಲ, ಹಗ್ಗ ಹೊಸೆಯುವ ಅಪ್ಸೆಣಬನ್ನು. ಈ ಎರಡನ್ನು ಒಂದೇ ಎಂದು ತಿಳಿದು ಕೋಷ್ಟಕ ಹಾಕಿದವರೂ ಇದ್ದಾರೆ.) ಒಳನಾಡಿನಲ್ಲಿ ಮಿಶ್ರ ಖಾದ್ಯತೈಲಕ್ಕೆ ಅಗ್‌ಮಾರ್ಕ್ ಬೇಕೇ ಬೇಕು ಎಂದದ್ದೂ 1954ರ ಕಲಬೆರಕೆ ತಡೆ ಕಾಯಿದೆಯ ಅಡಿಯ ನಿಯಮ.

ನಮ್ಮ ಕಡೆಯ ಸಂಶೋಧಕರಿಗೆ ಇನ್ನೂ ಒಂದು ಎಚ್ಚರಿಕೆ. ಕಾಯಿದೆ ಮೊದಲು ಅನ್ವಯವಾದದ್ದು ಬ್ರಿಟಿಷ್ ಇಂಡಿಯಾಕ್ಕೆ. ಧಾರವಾಡ, ಬೆಳಗಾವಿ, ಮಂಗಳೂರು, ಬಳ್ಳಾರಿ, ಕೊಡಗು ಅದರೊಳಗೆ ಬಂದವು. ಮೈಸೂರು ಸಂಸ್ಥಾನ ಬರಲಿಲ್ಲ. ‘1937ರಿಂದ ಕರ್ನಾಟಕದಲ್ಲಿ ಅಗ್‌ಮಾರ್ಕ್’ ಎಂದು ಒಂದೇ ಉಸಿರಿನಲ್ಲಿ ಬರೆದರೆ ಅರ್ಧ ನಾಡಿನ ಮಟ್ಟಿಗೆ ಅದು ಸುಳ್ಳು.

ಕಲಬೆರಕೆವಾದಿಗಳು 1937ಕ್ಕೆ ಹಚ್ಚುವ ಗುಣಗಳೆಲ್ಲ ಕಾಯಿದೆಗೆ ನಿಜಕ್ಕೂ ಸೇರಿದ್ದು 1986ರ 76ನೆಯ ಕಾಯಿದೆಯ ತಿದ್ದುಪಡಿಯಿಂದ. ಅಧಿಕಾರಿ ಒಳಹೊಕ್ಕು ಶೋಧಿಸುವ ಅಧಿಕಾರ ಆಗ ಬಂತು, ಮಾಲು ಜಪ್ತಿ ಮಾಡುವ ಅಧಿಕಾರ ಬಂತು, ತಪ್ಪು ದರ್ಜೆಯ ಮಾಲು ಮಾರಿದವನಿಗೆ ಶಿಕ್ಷೆ ಬಂತು, ಗ್ರಾಹಕರ ರಕ್ಷಣೆಗೆ ಬೇಕೆನಿಸಿದರೆ ಗುರುತನ್ನೇ ಕಡ್ಡಾಯ ಮಾಡುವ ಅವಕಾಶವೂ ಬಂತು. ಗ್ರಾಹಕ ರಕ್ಷಣಾ ಕಾಯಿದೆ ಬಂದದ್ದೂ ಅದೇ ವರ್ಷ. ಲಿವಿಂಗ್‌ಸ್ಟನ್ನರ ಕಾಲದ ಆರು ಕಲಮುಗಳಲ್ಲಿ ಇವೆಲ್ಲವನ್ನೂ ಕಂಡವರು ಓದಿದ್ದು ನಲವತ್ತೊಂಬತ್ತು ವರ್ಷದ ನಂತರ ಅಚ್ಚಾದ ಪ್ರತಿಯನ್ನು.