ಕಹಳೆಯಿಂದ ಕಂಪ್ಯೂಟರ್ ಸ್ಪೀಕರಿನವರೆಗೆ

ಗಡಿಯಾಚೆಯ ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಹೆಚ್ಚಾಗಿ ಹಾಡಿನಿಂದಲೇ. ಹಾಗಾಗಿ ಕಂಪ್ಯೂಟರಿಗೆ ಸ್ಪೀಕರ್ ಕೊಳ್ಳುವುದೂ ನಮಗೆ ಭಾಷೆಯ ವಿಚಾರವೇ. ಇದಕ್ಕೊಂದು ಚರಿತ್ರೆಯೂ ಇದೆ.

1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದರು. ಅವರು ತೀರಿಕೊಂಡದ್ದು 1930ರಲ್ಲಿ, ನಮ್ಮ ನೆರೆಯ ಮೈಸೂರಿನಲ್ಲಿ. ಅಂದಿನ ಗ್ರಾಮಫೋನಿಗೆ ಕರೆಂಟು ಬೇಕಿರಲಿಲ್ಲ; ಕೀಲಿ ಕೊಟ್ಟರೆ ತಟ್ಟೆ ತಿರುಗುತ್ತಿತ್ತು, ಕಹಳೆ ದನಿ ಹೆಚ್ಚಿಸುತ್ತಿತ್ತು. 1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾಯಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. 1955ರಲ್ಲಿ ಆ ಕೇಂದ್ರ ಬೆಂಗಳೂರಿಗೆ ಹೋಯಿತು.

ಆ ಕಾಲದ ರೇಡಿಯೋದಲ್ಲಿ ದನಿ ಒಂದೇ ಪೆಟ್ಟಿಗೆಯಿಂದ ಬರುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು ದನಿ ಕೊಡುವ ಸ್ಟೀರಿಯೋಗೆ ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ 1931ರಲ್ಲೇ ಪೇಟೆಂಟ್ ಕೋರಿದ್ದರು. ಇಂದು ಕಂಪ್ಯೂಟರಿನ ಪಕ್ಕದಲ್ಲಿರುವ ಜೋಡಿ ಪೆಟ್ಟಿಗೆಗಳು ಅದರ ಫಲ. ಎರಡನ್ನೂ ಸಮದೂರದಲ್ಲಿಟ್ಟು ನಡುವೆ ಕುಳಿತರೆ ವೀಣೆ, ಮೃದಂಗ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಡಬ್ಬದ ಮೇಲಿನ ದೊಡ್ಡ ಪಿಎಂಪಿಒ ಅಂಕಿಗೆ ಮರುಳಾಗಬೇಡಿ. ಅದು ಕ್ಷಣಮಾತ್ರದ ಲೆಕ್ಕ. ಆರ್‌ಎಂಎಸ್ ವ್ಯಾಟ್ ನೋಡಿ. ಚಿಕ್ಕ ಕೋಣೆಗೆ ಕೆಲವೇ ವ್ಯಾಟ್ ಸಾಕು. ಧಡಧಡ ಎನ್ನುವ ವೂಫರಿಗಿಂತ ಮಾತು ತಿಳಿಯಾಗಿ ಕೇಳುವುದು ಮುಖ್ಯ. ಅಂಗಡಿಯಲ್ಲಿ ನಿಮಗೆ ಬಾಯಿಪಾಠವಿರುವ ಭಾವಗೀತೆಯೊಂದನ್ನು ಹಾಕಿಸಿ. ಸಕಾರ, ಷಕಾರ ಸ್ಪಷ್ಟವಾಗಿ ಕೇಳಿಸಿದರೆ ಮನೆಗೆ ತನ್ನಿ. ಮಕ್ಕಳು ಕೇಳಿದ್ದನ್ನೇ ನುಡಿಯುತ್ತಾರಲ್ಲವೇ?