ಮಿಶನ್ ಕಂಪೌಂಡಿನ ಒಳಗೆ, ಹೊರಗೆ

ಧಾರವಾಡದವರಿಗೆ ಬಾಸೆಲ್ ಮಿಶನ್ ಅಂದರೆ ಶಾಲೆ. ಕಿಟ್ಟೆಲ್ ಅಂದರೆ ನಿಘಂಟು, ಇಲ್ಲವೇ ಅವರ ಹೆಸರಿನ ಕಾಲೇಜು. ಗದಗ-ಬೆಟಗೇರಿ ಕಡೆಯವರಾದರೆ ‘ಜರ್ಮನ್ ದವಾಖಾನಿ’ ಅನ್ನುತ್ತಾರೆ. ಈ ಪಾದ್ರಿಗಳು ಕನ್ನಡಕ್ಕೆ ಮಾಡಿದ ಸೇವೆಯ ಬಗ್ಗೆ ನಮ್ಮ ಬ್ಲಾಗಿಗರೇ ಎಷ್ಟೋ ಬರೆದಿದ್ದಾರೆ, ಅದನ್ನೇ ಮತ್ತೆ ಹೇಳಲು ಹೊರಟಿಲ್ಲ. ನನ್ನ ಕುತೂಹಲ ಬೇರೆ. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಸುದ್ದಿ ಹೇಳಲು ಬಂದವರು ಇಲ್ಲಿ ಎಂಥಾ ಮನೆಯಲ್ಲಿ ಇದ್ದರು? ಆ ಮನೆ ಅವರ ಮಾತಿಗೆ ಅಡ್ಡ ಬರಲಿಲ್ಲವೇ?

ಮೊದಲು ಸ್ವಲ್ಪ ಇಸವಿಗಳ ಲೆಕ್ಕ. ೧೮೩೩ರ ಚಾರ್ಟರ್ ಕಾಯ್ದೆಯಿಂದಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದುಸ್ತಾನದ ಬಾಗಿಲು ತೆರೆಯಿತು. ೧೮೩೪ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ೧೮೩೭ರಲ್ಲಿ ಘಟ್ಟ ಹತ್ತಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ. ಬಂದವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ತಮ್ಮ ಊರಲ್ಲಿ ಅವರೇನೂ ಸಾಹುಕಾರರಲ್ಲ. ಆದರೆ ಇಲ್ಲಿ ಬಿಳಿ ಚರ್ಮಕ್ಕೆ ಅದರದೇ ಆದ ದರ್ಜೆ ಇತ್ತು. ಕಂಪನಿ ಸರಕಾರದ ಕಲೆಕ್ಟರನ ಬಂಗಲೆ ಹೇಗೋ, ಪಾದ್ರಿಯ ಮನೆಗೂ ‘ಬಂಗಲೆ’ ಎಂದೇ ಹೆಸರು. ಕುದುರೆ, ಅಡಿಗೆಯವ, ನೀರಿನವ ಎಲ್ಲ ಸೇರಿ ಬಡವರ ಮಗ ಇಲ್ಲಿ ‘ಸಾಹೇಬ’ ಆಗಿಬಿಟ್ಟ!

ಹಾಗಂತ ಇದನ್ನು ಬರೀ ಐಷಾರಾಮ ಅನ್ನುವುದೂ ತಪ್ಪು. ಕಾಲರಾ, ಚಳಿಜ್ವರದ ಕಾಲ ಅದು. ಕಿಟ್ಟೆಲ್ಲರ ಮೊದಲ ಹೆಂಡತಿ ಪೌಲೀನ್ ೧೮೬೪ರಲ್ಲಿ ತೀರಿಕೊಂಡರು, ಮದುವೆಯಾಗಿ ನಾಲ್ಕೇ ವರ್ಷ. ದಪ್ಪ ಗೋಡೆ, ಎತ್ತರದ ಛಾವಣಿ ಅವರಿಗೆ ಜೀವ ಉಳಿಸಿಕೊಳ್ಳುವ ಉಪಾಯವೂ ಹೌದು. ಆದರೆ ಕಟ್ಟೆಯ ಮೇಲೆ ಕೂತು ನೋಡುವ ರೈತನಿಗೆ ಕಾಣುವುದು ಬಂಗಲೆ ಮಾತ್ರ. ಇದು ಕೆಲವು ಪಾದ್ರಿಗಳಿಗೇ ಚುಚ್ಚುತ್ತಿತ್ತು. ಹರ್ಮನ್ ಮೊಗ್ಲಿಂಗ್ (೧೮೪೩ರಲ್ಲಿ ‘ಮಂಗಳೂರ ಸಮಾಚಾರ’ ತಂದರಲ್ಲ, ಅವರೇ) ಮಂಗಳೂರಿನಲ್ಲಿ ತಮ್ಮ ಶಾಲೆಯ ಹುಡುಗರ ಜೊತೆಗೇ ಇರಲು ಹೋದವರು.

ಫರ್ಡಿನಾಂಡ್ ಕಿಟ್ಟೆಲ್ ೧೮೫೩ರಲ್ಲಿ ಬಂದಾಗ ವಯಸ್ಸು ಇಪ್ಪತ್ತೊಂದು. ಉಳಿದವರು ದಕ್ಷಿಣದವರಾದರೆ ಇವರು ಉತ್ತರ ಜರ್ಮನಿಯವರು, ಮೇಲಾಗಿ ಹೆಚ್ಚು ಓದಿದವರು. ಹೀಗಾಗಿ ಮೊದಲಿಂದಲೇ ಸ್ವಲ್ಪ ಹೊರಗಿನವರು. ಸಂತ ಪೌಲ ಯೆಹೂದ್ಯರಿಗೆ ಯೆಹೂದ್ಯನಾದೆ ಎಂದು ಬರೆದಿದ್ದಾನಲ್ಲ, ಅದನ್ನು ಈ ಹುಡುಗ ಅಕ್ಷರಶಃ ತೆಗೆದುಕೊಂಡ ಹಾಗೆ ಕಾಣುತ್ತದೆ. ಕನ್ನಡಿಗರಿಗೆ ಕನ್ನಡಿಗನಾಗಬೇಕು, ಇಲ್ಲಿಯ ರೀತಿ ರಿವಾಜು ಕಲಿಯಬೇಕು, ಇಲ್ಲಿಯ ಸಂಗೀತ ಕಲಿಯಬೇಕು ಅಂತ. ಇದು ಮಿಶನ್ನಿನವರಿಗೆ ಹಿಡಿಸಲಿಲ್ಲ, ಬುದ್ಧಿವಾದವೂ ಬಂತು. ಅದು ಸಹಜ ಕೂಡ. ಒಬ್ಬ ಕಂಪೌಂಡು ದಾಟಿ ನಡೆದುಹೋದರೆ ಒಳಗೆ ಕೂತ ಹತ್ತು ಜನರಿಗೆ ಮುಜುಗರ ಆಗುತ್ತದೆ.

ಮುಂದೆ ಕಿಟ್ಟೆಲ್ ಮಾಡಿದ್ದು ನಮಗೆಲ್ಲ ಗೊತ್ತು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, ೧೮೭೫ರಲ್ಲಿ ನಾಗವರ್ಮನ ಛಂದಸ್ಸು, ೧೮೯೪ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ನಿಘಂಟು. ಇಲ್ಲಿ ನನಗೊಂದು ತಕರಾರಿದೆ. ಈ ಮೇಜಿನ ಕೆಲಸ ತ್ಯಾಗವೋ, ಸುಖವೋ? ಓದುಬರಹದ ಹುಚ್ಚಿದ್ದವರಿಗೆ ಗೊತ್ತು, ತಾಳೆಗರಿಯ ಮುಂದೆ ಕೂತರೆ ಹಸಿವೆ ನೀರಡಿಕೆ ತಿಳಿಯುವುದಿಲ್ಲ. ಸಂತೆಯಲ್ಲಿ ನಿಂತು ಬೈಸಿಕೊಂಡು ಉಪದೇಶ ಮಾಡುವುದಕ್ಕಿಂತ ಅದು ಎಷ್ಟೋ ಹಿತ. ಪಾದ್ರಿಯ ಕೆಲಸ ಬಿಟ್ಟು ಪಂಡಿತನ ಕೆಲಸ ಹಿಡಿದ ಅಂತ ಮಿಶನ್ನಿನಲ್ಲಿ ಯಾರಾದರೂ ಗೊಣಗಿದ್ದರೆ ಅದನ್ನು ಬರೀ ಹೊಟ್ಟೆಕಿಚ್ಚು ಎಂದು ನಾನು ತಳ್ಳಿಹಾಕಲಾರೆ. ಆದರೂ ಕನ್ನಡಿಗನಾಗುವ ಬಯಕೆಗೆ ಕಾಲುದಾರಿ ಮುಚ್ಚಿದಾಗ ಅದು ಶಬ್ದಗಳ ದಾರಿ ಹಿಡಿಯಿತು ಎಂದೇ ನನ್ನ ಊಹೆ.

ಇದು ಬಿಳಿಯರ ಕತೆಯಾಯ್ತು. ಇಲ್ಲಿಯ ಕ್ರೈಸ್ತರದು ಬೇರೆಯೇ ಸಂಕಟ. ದೀಕ್ಷಾಸ್ನಾನ ಆದವನನ್ನು ಜಾತಿ ಹೊರಗೆ ಹಾಕುತ್ತಿತ್ತು. ಮನೆ ಹೋಯ್ತು, ಹೊಲ ಹೋಯ್ತು, ಬಾವಿಯ ನೀರೂ ಹೋಯ್ತು. ಅಂಥವರಿಗೆ ಮಿಶನ್ ಕಂಪೌಂಡೇ ಗತಿ. ಮಂಗಳೂರಿನಲ್ಲಿ ನೇಕಾರಿಕೆ, ೧೮೬೫ರಿಂದ ಹಂಚಿನ ಕಾರ್ಖಾನೆ ಹುಟ್ಟಿದ್ದೇ ಇಂಥವರ ಹೊಟ್ಟೆಪಾಡಿಗಾಗಿ. ನಮ್ಮ ಎರೆಭೂಮಿಯಲ್ಲಿ ಅಂಥ ದೊಡ್ಡ ಹಂಚಿನ ಉದ್ದಿಮೆ ಬೆಳೆಯಲಿಲ್ಲ. ಮೇಲೆ ೧೮೭೬-೭೮ರ ಭೀಕರ ಬರ ಬೇರೆ ಧಾರವಾಡ ಜಿಲ್ಲೆಯನ್ನು ಹಣ್ಣು ಮಾಡಿತು. ಹಸಿದವನಿಗೆ ಕೂಳು ಹಾಕುವುದು ಕ್ರಿಸ್ತನ ಅಪ್ಪಣೆಯೇ. ಆದರೆ ತಾತನಿಗೆ ಆಸರೆಯಾದದ್ದು ಮೊಮ್ಮಗನಿಗೆ ಆರಾಮವಾಗುತ್ತದೆ. ಮಿಶನ್ ಶಾಲೆ, ಮಿಶನ್ ನೌಕರಿ, ಮಿಶನ್ ಮನೆ. ಹೊರಗಿನ ಊರಿನ ಜೊತೆ ಮಾತೇ ಬೇಕಿಲ್ಲ. ತಾತ ಎಲ್ಲ ಕಳಕೊಂಡು ಗಳಿಸಿದ ನಂಬಿಗೆ ಮೊಮ್ಮಗನಿಗೆ ಏನೂ ಕಳಕೊಳ್ಳದೆ ಸಿಗುತ್ತದೆ. (ಇದು ಕ್ರೈಸ್ತರಿಗೆ ಮಾತ್ರ ಅಂಟಿದ ರೋಗವಲ್ಲ. ನಮ್ಮ ಮಠಗಳ ಕಡೆಯೂ ಒಮ್ಮೆ ಕಣ್ಣು ಹಾಯಿಸಿರಿ!)

ಅಂಥ ಒಬ್ಬ ಮೊಮ್ಮಗ ರೆವರೆಂಡ್ ಉತ್ತಂಗಿ ಚನ್ನಪ್ಪ. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಮನೆತನ ಹಡಗಲಿ ಸೀಮೆಯ ಉತ್ತಂಗಿಯದು. ತಂದೆಯ ಹೆಸರು ದಾನಿಯೇಲಪ್ಪ. ಆ ಒಂದು ಹೆಸರಿನಲ್ಲೇ ಬೈಬಲ್ಲೂ ಇದೆ, ಬಯಲುಸೀಮೆಯೂ ಇದೆ, ನೋಡಿ. ಮಂಗಳೂರಿನಲ್ಲಿ ಧರ್ಮಶಾಸ್ತ್ರ ಓದಿ ಬಾಸೆಲ್ ಮಿಶನ್ನಿನ ಪಾದ್ರಿಯಾದರು. ಸಂಬಳ, ಮನೆ, ಮರ್ಯಾದೆ ಎಲ್ಲ ಇತ್ತು. ಭಾನುವಾರದ ಪ್ರಸಂಗ, ಮದುವೆ, ಮಣ್ಣು ಮಾಡಿಸಿಕೊಂಡು ಆಯುಷ್ಯ ಕಳೆಯಬಹುದಿತ್ತು.

ಅವರು ಹಿಡಿದದ್ದು ಸರ್ವಜ್ಞನನ್ನು! ಕೈಯಲ್ಲಿ ಕಪ್ಪರ ಹಿಡಿದು ಊರೂರು ತಿರಿದುಂಡ ಎಂದು ಜನ ಹೇಳುವ ಸರ್ವಜ್ಞನ ತ್ರಿಪದಿಗಳನ್ನು ಈ ಪಾದ್ರಿ ಹಳೆಯ ಹಸ್ತಪ್ರತಿಗಳಿಂದ, ಜನರ ಬಾಯಿಂದ ಕೂಡಿಹಾಕಿದರು. ಸುಮಾರು ೨೦೦೦ ತ್ರಿಪದಿಗಳ ಆ ಸಂಗ್ರಹ ೧೯೨೪ರಲ್ಲಿ ಹೊರಬಂತು. ಮೊದಲು ಮಿಶನರಿಗಳು ಜನರ ಹತ್ತಿರ ಹೋಗುತ್ತಿದ್ದದ್ದು ಕೊಡುವುದಕ್ಕೆ. ಇವರು ಹೋದದ್ದು ಬೇಡುವುದಕ್ಕೆ. ಕೊಡುವವನ ಗತ್ತು ಬಿಡುವುದು ಬಂಗಲೆ ಬಿಡುವುದಕ್ಕಿಂತ ಕಷ್ಟ ಅಂತ ನನಗನ್ನಿಸುತ್ತದೆ. ಕನ್ನಡಿಗರು ಇವರಿಗೆ ಇಟ್ಟ ಬಿರುದು ‘ತಿರುಳ್ಗನ್ನಡದ ತಿರುಕ’. ಒಬ್ಬ ಪಾದ್ರಿಗೆ ‘ತಿರುಕ’ ಎಂಬ ಬಿರುದು!

ಇದಕ್ಕೂ ಮೊದಲೇ, ೧೯೨೧ರಲ್ಲಿ, ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಬರೆದಿದ್ದರು. ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. ಹಿಂದೂ ವಿಚಾರಕ್ಕೂ ಕ್ರಿಸ್ತನ ಸಂದೇಶಕ್ಕೂ ನಂಟು ಹುಡುಕುವ ಪುಸ್ತಕ. ಇಂಥ ಮಾತಾಡುವವನಿಗೆ ಎರಡೂ ಕಡೆ ಆರಾಮ ಸಿಗುವುದಿಲ್ಲ. ಇವನು ನಮ್ಮವನೇ ಹೌದೋ ಅಲ್ಲವೋ ಎಂದು ಅಲ್ಲಿಯೂ ಅನುಮಾನ, ಮತಾಂತರದ ಹೊಸ ಉಪಾಯವಿರಬೇಕು ಎಂದು ಇಲ್ಲಿಯೂ ಅನುಮಾನ. ಚನ್ನಪ್ಪನವರು ಕ್ರಿಸ್ತನನ್ನು ಬಿಡಲಿಲ್ಲ, ಬಸವಣ್ಣನ ಸಹವಾಸವನ್ನೂ ಬಿಡಲಿಲ್ಲ. ಕಂಪೌಂಡಿಗೆ ಗೇಟು ಎರಡೂ ಕಡೆಗೆ ತೆರೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

೧೯೪೯ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ. ನಿಜಾಮನ ಆಳಿಕೆ ಮುಗಿದು ವರ್ಷವೂ ಸರಿಯಾಗಿ ಆಗಿರಲಿಲ್ಲ. ಅಲ್ಲಿಯ ಕನ್ನಡಿಗರು ಗಾಯ ಆರದೆ ಕೂತಿದ್ದ ಹೊತ್ತು. ಅಧ್ಯಕ್ಷರಾಗಿ ಬಂದವರು ಈ ಕ್ರೈಸ್ತ ಪಾದ್ರಿ. ಅದಾದ ಮೇಲಾದರೂ ಕಾಲು ಚಾಚಿ ಕೂತರೇ? ಎಪ್ಪತ್ತು ದಾಟಿದ ಮೇಲೆ, ೧೯೫೫ರಲ್ಲಿ, ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯ ಸಂಗ್ರಹ ಹೊರತಂದರು. ತೀರಿಕೊಂಡದ್ದು ೧೯೬೨ರಲ್ಲಿ.